ಮೊಳೆಗೆ ಬಡಿದ ಉಳಿ, ನೀಲಿಗಟ್ಟಿದ ಬಾಯಿ

ಪ್ರಶ್ನೆ: ನನ್ನ ಅಜ್ಜ ಬಡಗಿ ಕೆಲಸ ಮಾಡುತ್ತಿದ್ದರು. ಅವರ ಪೆಟ್ಟಿಗೆಯಲ್ಲಿದ್ದ ಒಂದಂಗುಲದ ಉಳಿ ನನಗೆ ತುಂಬ ಇಷ್ಟದ್ದು. ಹೋದ ತಿಂಗಳು ಹಳೆಯ ಹಲಸಿನ ಬಾಗಿಲವಾಡದಲ್ಲಿ ಹೊಸ ಬೀಗಕ್ಕೆ ಜಾಗ ಕೆತ್ತುತ್ತಿದ್ದಾಗ, ಮರದೊಳಗೆ ಮುರಿದು ಉಳಿದಿದ್ದ ಮೊಳೆಗೆ ಬಡಿದು ಬಾಯಿಯ ಎಡಮೂಲೆ ಎರಡು ಮಿಲಿಮೀಟರಿನಷ್ಟು ಮುಕ್ಕಾಯಿತು. ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ ಕೈ ಗ್ರೈಂಡರ್ ಹಿಡಿಸಿದೆ. ಮುಕ್ಕು ಹೋಯಿತು, ಆದರೆ ತುದಿ ನೀಲಿಯಾಯಿತು. ನೀಲಿಯನ್ನು ಉಜ್ಜಿ ತೆಗೆದೆ. ಈಗ ಸಾಣೆ ಹಿಡಿದರೆ ಒಳ್ಳೆಯ ಹರಿತವೇ ಬರುತ್ತದೆ, ನಾಲ್ಕು ಏಟು ಹಾಕುವಷ್ಟರಲ್ಲಿ ಬಾಯಿ ಮಡಚಿಕೊಳ್ಳುತ್ತದೆ. ಊರಿನ ಕಮ್ಮಾರರು ಮತ್ತೆ ಕಾಯಿಸಿ ಹದ ಹಾಕಿಕೊಡುತ್ತೇನೆ ಎನ್ನುತ್ತಾರೆ. ಉಳಿಯ ಮೇಲೆ ‘ಕಾಸ್ಟ್ ಸ್ಟೀಲ್’ ಎಂಬ ಮುದ್ರೆ ಇದೆ. ಹಾಗಾದರೆ ಇದು ಬೀಡು ಕಬ್ಬಿಣ, ಅದಕ್ಕೇ ಮುರಿಯಿತು ಎಂದು ಇನ್ನೊಬ್ಬರು ಹೇಳಿದರು. ಹಿಡಿಯೂ ಉದ್ದಕ್ಕೆ ಸೀಳಿದೆ. ಏನು ಮಾಡಲಿ?

ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಉಳಿ ಕೆಟ್ಟಿಲ್ಲ. ತುದಿಯ ಮೂರು ನಾಲ್ಕು ಮಿಲಿಮೀಟರ್ ಕೆಟ್ಟಿದೆ, ಅಷ್ಟೇ. ಹಿಂದಿರುವ ಉಕ್ಕು ನಿಮ್ಮ ಅಜ್ಜ ಬಿಟ್ಟುಹೋದ ಹಾಗೆಯೇ ಇದೆ. ಆದ್ದರಿಂದ ಮೊದಲ ಮಾತು: ಉಳಿಯನ್ನು ಕುಲುಮೆಗೆ ಕೊಡಬೇಡಿ, ಸದ್ಯಕ್ಕಂತೂ ಬೇಡ. ಕಮ್ಮಾರರ ಕೈಗುಣದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಬೆರಳುಗುರಿನಷ್ಟು ಜಾಗದ ತೊಂದರೆಗೆ ಇಡೀ ಅಲಗನ್ನು ಬೆಂಕಿಗಿಟ್ಟರೆ, ಸರಿಯಾಗಿರುವ ಭಾಗವನ್ನೂ ಪಣಕ್ಕಿಟ್ಟ ಹಾಗಾಗುತ್ತದೆ.

ಮೊಳೆ ಮಾಡಿದ ಗಾಯ ಮತ್ತು ಗ್ರೈಂಡರ್ ಮಾಡಿದ ಗಾಯ, ಇವೆರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಮೊಳೆಗೆ ಬಡಿದಾಗ ನಿಮ್ಮ ಉಳಿಯ ಬಾಯಿ ಬಾಗಲಿಲ್ಲ, ಮುಕ್ಕಾಯಿತು. ಹದ ಗಟ್ಟಿಯಾಗಿತ್ತು ಎನ್ನುವುದಕ್ಕೆ ಅದೇ ಸಾಕ್ಷಿ. ಈಗ ಅದೇ ಬಾಯಿ ಬರೀ ಮರಕ್ಕೆ ಮಡಚಿಕೊಳ್ಳುತ್ತಿದೆ. ಅಂದರೆ ಉಕ್ಕು ಮೆತ್ತಗಾಗಿದೆ. ಮುಕ್ಕು ಕಣ್ಣಿಗೆ ಕಾಣುವ ಗಾಯವಾದ್ದರಿಂದ ನಮಗೆ ಅದೇ ದೊಡ್ಡದಾಗಿ ಕಾಣುತ್ತದೆ. ಉಳಿಗೆ ನಿಜವಾಗಿ ಪೆಟ್ಟಾದದ್ದು ಆಮೇಲೆ, ಗ್ರೈಂಡರಿನ ಕೆಳಗೆ.

ಉಳಿಯ ಉಕ್ಕಿನಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಇಂಗಾಲ ಇರುತ್ತದೆ. ಅದನ್ನು ಕೆಂಪಗೆ, ಹೆಚ್ಚುಕಡಿಮೆ 800 ಡಿಗ್ರಿ ಸೆಲ್ಸಿಯಸ್‌ವರೆಗೆ, ಕಾಯಿಸಿ ಥಟ್ಟನೆ ನೀರಿಗೋ ಎಣ್ಣೆಗೋ ಅದ್ದಿದರೆ ಗಾಜಿನಷ್ಟು ಗಡುಸಾಗುತ್ತದೆ, ಗಾಜಿನ ಹಾಗೇ ಒಡೆಯುತ್ತದೆ ಕೂಡ. ಆ ಗಡಸನ್ನು ಸ್ವಲ್ಪ ಇಳಿಸಲು ಎರಡನೆಯ ಸಲ ಹದವಾಗಿ ಕಾಯಿಸುತ್ತಾರೆ. ಆಗ ಉಜ್ಜಿ ಹೊಳಪು ಮಾಡಿದ ಉಕ್ಕಿನ ಮೇಲೆ ಬಣ್ಣಗಳು ಒಂದರ ಹಿಂದೆ ಒಂದು ಏಳುತ್ತವೆ. 220 ಡಿಗ್ರಿಯ ಸುಮಾರಿಗೆ ಒಣಹುಲ್ಲಿನ ತಿಳಿಹಳದಿ, 255ರ ಹತ್ತಿರ ಕಂದು, 275ರಲ್ಲಿ ನೇರಳೆ, 300ರ ಹತ್ತಿರ ನೀಲಿ. ಮರದ ಉಳಿಗೆ ಹುಲ್ಲಿನ ಬಣ್ಣದ ಹತ್ತಿರ ನಿಲ್ಲಿಸುವುದು ವಾಡಿಕೆ. ನೀಲಿ ಸ್ಪ್ರಿಂಗಿಗೆ ಹೇಳಿ ಮಾಡಿಸಿದ ಹದ: ಬಾಗುತ್ತದೆ, ಮುರಿಯುವುದಿಲ್ಲ. ಗ್ರೈಂಡರಿನ ಕಾವಿನಿಂದ ನಿಮ್ಮ ಉಳಿಯ ತುದಿ ಸ್ಪ್ರಿಂಗಿನ ಹದಕ್ಕೆ ಇಳಿದಿದೆ. ಹರಿತ ಬರುತ್ತಿದೆ, ಆದರೆ ನಿಲ್ಲುತ್ತಿಲ್ಲ ಎಂದು ನೀವು ಬರೆದದ್ದು ಇದಕ್ಕೆ ಸರಿಯಾಗಿ ಹೊಂದುತ್ತದೆ.

ಆ ಬಣ್ಣ ಉಕ್ಕಿನ ಮೈಮೇಲೆ ಕಟ್ಟುವ ಆಕ್ಸೈಡಿನ ಅತಿ ತೆಳುವಾದ ಪೊರೆಯದು. ಉಜ್ಜಿದರೆ ಪೊರೆ ಹೋಗುತ್ತದೆ, ಕಳೆದ ಗಡಸು ಮರಳುವುದಿಲ್ಲ. ನೀಲಿಯನ್ನು ನೀವು ತೆಗೆಯದೆ ಬಿಟ್ಟಿದ್ದರೆ ಎಲ್ಲಿಯವರೆಗೆ ಕೆಟ್ಟಿದೆ ಎಂದು ಕಣ್ಣಿಗೇ ಕಾಣುತ್ತಿತ್ತು. ಈಗ ಅರ ಹಿಡಿದು ಕೇಳಬೇಕು. ಸಣ್ಣ ಹಲ್ಲಿನ ಹೊಸ ಅರ ತೆಗೆದುಕೊಳ್ಳಿ. ಅದರ ಮೂಲೆಯನ್ನು ಅಲಗಿನ ಕಿರಿದಾದ ಪಕ್ಕದ ಮೇಲೆ, ಬಾಯಿಯಿಂದ ಹಿಡಿಯ ಕಡೆಗೆ, ಒಂದೊಂದೇ ಮಿಲಿಮೀಟರ್ ಸರಿಸುತ್ತಾ ಹಗುರವಾಗಿ ಎಳೆದು ನೋಡಿ. ಮೆತ್ತಗಾದ ಕಡೆ ಅರ ಕಚ್ಚುತ್ತದೆ, ಪುಡಿ ಬರುತ್ತದೆ. ಹದವಿರುವ ಕಡೆ ಗಾಜಿನ ಮೇಲೆ ಎಳೆದ ಹಾಗೆ ಜಾರುತ್ತದೆ, ಸದ್ದೂ ಬೇರೆಯಾಗುತ್ತದೆ. ಎಲ್ಲಿ ಜಾರಲು ಶುರುವಾಯಿತೋ ಅಲ್ಲೊಂದು ಗೆರೆ ಹಾಕಿ, ಅದರ ಹಿಂದೆ ಅರ್ಧ ಮಿಲಿಮೀಟರ್ ಬಿಟ್ಟು ಮೂಲೆಮಟ್ಟ ಇಟ್ಟು ಇನ್ನೊಂದು ಗೆರೆ ಎಳೆಯಿರಿ. ನಿಮ್ಮ ಉಳಿಯ ಹೊಸ ಬಾಯಿ ಅಲ್ಲಿ ಹುಟ್ಟಬೇಕು.

ಗೆರೆ ಬಾಯಿಯಿಂದ ನಾಲ್ಕು ಮಿಲಿಮೀಟರ್ ಹಿಂದೆ ಬಿದ್ದರೂ ಗಾಬರಿಯಾಗಬೇಡಿ. ಆಗೊಮ್ಮೆ ಈಗೊಮ್ಮೆ ಬಳಸುವವರಿಗೆ ಅದು ಕೆಲವು ವರ್ಷಗಳ ಸಾಣೆಯಲ್ಲಿ ಹೇಗೂ ಸವೆದು ಹೋಗುವಷ್ಟು ಉಕ್ಕು.

ಬೀಡಿನ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ತಪ್ಪು ತಿಳಿವಳಿಕೆಯಿಂದ ಎಷ್ಟೋ ಒಳ್ಳೆಯ ಉಳಿಗಳು ಗುಜರಿ ಸೇರಿವೆ. ಬೀಡನ್ನು ಉಳಿಯಂತೆ ಬಡಿದು ಮಾಡಲಾಗದು, ಅದು ಸುತ್ತಿಗೆಯ ಏಟಿಗೇ ಬಿರಿಯುತ್ತದೆ. ‘ಕಾಸ್ಟ್ ಸ್ಟೀಲ್’ ಎಂದರೆ ಮೂಸೆಯಲ್ಲಿ ಕರಗಿಸಿ, ಅಚ್ಚಿಗೆ ಸುರಿದು, ಆಮೇಲೆ ಬಡಿದು ಮಾಡಿದ ಉಕ್ಕು. ಇಂಗ್ಲೆಂಡಿನ ಶೆಫೀಲ್ಡ್ ಹತ್ತಿರ 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದವನು, ತನ್ನ ಗಡಿಯಾರದ ಸ್ಪ್ರಿಂಗುಗಳಿಗೆ ಎಲ್ಲ ಕಡೆ ಒಂದೇ ಸಮನಾದ ಉಕ್ಕು ಬೇಕೆಂದು ಈ ದಾರಿ ಹುಡುಕಿದ. ಆಮೇಲೆ ಒಳ್ಳೆಯ ಉಳಿ, ಗರಗಸಗಳ ಮೇಲೆ ಆ ಮುದ್ರೆ ಒತ್ತುವುದೇ ಹೆಮ್ಮೆಯಾಯಿತು. ಮೂಸೆಯ ಉಕ್ಕು ನಮ್ಮ ಕಡೆಗೆ ಹೊಸದೇನಲ್ಲ. ದಕ್ಷಿಣ ಭಾರತದಲ್ಲಿ ಮಣ್ಣಿನ ಸಣ್ಣ ಮೂಸೆಗಳಲ್ಲಿ ಕಬ್ಬಿಣವನ್ನೂ ಸೌದೆ ಚೂರು, ಎಲೆಗಳನ್ನೂ ಇಟ್ಟು ಬಾಯಿ ಮೆತ್ತಿ ಕಾಯಿಸಿ ಮಾಡುತ್ತಿದ್ದ ಉಕ್ಕು ಯುರೋಪಿನಲ್ಲಿ ‘ವೂಟ್ಜ್’ ಎಂದು ಹೆಸರಾಯಿತು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಬಂಧವನ್ನೇ ಮಂಡಿಸಿದ. ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಹೋದದ್ದೆಂದು ಬಹಳ ವಿದ್ವಾಂಸರ ಅಭಿಪ್ರಾಯ. ಹಾಗಾಗಿ ಆ ಮುದ್ರೆ ನಿಮ್ಮ ಉಳಿಯ ದೋಷವಲ್ಲ, ಗುಣ.

ಹಳೆಯ ಉಳಿಗಳಲ್ಲಿ ಇನ್ನೊಂದು ವಿಶೇಷವಿರುತ್ತದೆ. ಉಕ್ಕು ತುಟ್ಟಿಯಾಗಿದ್ದ ಕಾಲದಲ್ಲಿ ಮೆತ್ತನೆಯ ಕಬ್ಬಿಣದ ಅಲಗಿಗೆ ತೆಳುವಾದ ಉಕ್ಕಿನ ಪಟ್ಟಿಯನ್ನು ಕುಲುಮೆಯಲ್ಲೇ ಬೆಸೆಯುತ್ತಿದ್ದರು. ಇಳಿಜಾರಿನ ಮುಖವನ್ನು ಚೆನ್ನಾಗಿ ಉಜ್ಜಿ ಬೆಳಕಿಗೆ ಓರೆಯಾಗಿ ಹಿಡಿದರೆ ಎರಡು ಛಾಯೆ ಕಾಣಬಹುದು: ಬಾಯಿಯ ಕಡೆ ಹೊಳೆಯುವ ಪಟ್ಟಿ, ಹಿಂದೆ ಮಂಕಾದ ಬೂದು. ನಿಮ್ಮದರಲ್ಲಿ ಹೀಗಿದ್ದರೆ ಕುಲುಮೆ ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣ ಸಿಕ್ಕಿತು, ಬೆಸುಗೆಯೂ ಬೆಂಕಿಗೆ ಬೀಳುವುದು ಬೇಡ. ಅರದ ಪರೀಕ್ಷೆಯನ್ನೂ ಆಗ ಪಕ್ಕದ ಮೇಲೆಲ್ಲ ಮಾಡದೆ ಆ ಹೊಳೆಯುವ ಪಟ್ಟಿಯ ಅಂಚಿನ ಮೇಲೆ ಮಾತ್ರ ಮಾಡಿ. ಇಲ್ಲದಿದ್ದರೆ ಕಬ್ಬಿಣವನ್ನು ಅರ ಕಚ್ಚುವುದನ್ನು ನೋಡಿ ಇಡೀ ಅಲಗೇ ಮೆತ್ತಗಿದೆ ಎಂದುಕೊಳ್ಳುತ್ತೀರಿ.

ಈಗ ಕೆಲಸಕ್ಕೆ ಬರೋಣ. ವೆಲ್ಡಿಂಗ್ ಅಂಗಡಿಯ ಕೈ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದು ಇರುವುದು ವೆಲ್ಡಿಂಗಿನ ಗಂಟು ಸವರಲಿಕ್ಕೆ. ಉಳಿಯ ಬಾಯಿ ಕಾಗದದಷ್ಟು ತೆಳು. ಅಲ್ಲಿ ಹುಟ್ಟಿದ ಬಿಸಿಗೆ ಹಿಂದೆ ಹರಿದು ಹೋಗಲು ಲೋಹವೇ ಇರುವುದಿಲ್ಲವಾದ್ದರಿಂದ ಎರಡು ಸೆಕೆಂಡಿನಲ್ಲಿ 300 ಡಿಗ್ರಿ ದಾಟುತ್ತದೆ. ಇದೇ ಮಾತನ್ನು ತಿರುಗಿಸಿ ನೋಡಿದರೆ ನಮಗೆ ಬೇಕಾದ ದಾರಿ ಸಿಗುತ್ತದೆ: ತೆಳುವಾದ ಅಂಚನ್ನು ಯಂತ್ರಕ್ಕೆ ಎಂದೂ ಕೊಡಬಾರದು.

ಬೆಂಚ್ ಗ್ರೈಂಡರ್ ಸಿಕ್ಕುವ ಹಾಗಿದ್ದರೆ ಮೊದಲು ಉಳಿಯನ್ನು ಕಲ್ಲಿಗೆ ನೇರವಾಗಿ, ಇಳಿಜಾರೇ ಇಲ್ಲದಂತೆ ಹಿಡಿದು, ಬಾಯಿಯನ್ನು ಗೆರೆಯವರೆಗೆ ಮೊಂಡು ಮಾಡಿಬಿಡಿ. ಇಷ್ಟದ ಉಳಿಗೆ ಹೀಗೆ ಮಾಡಲು ಕೈ ಬರುವುದಿಲ್ಲ ಎಂದು ನನಗೆ ಗೊತ್ತು. ಆದರೆ ಇದರಿಂದ ಎರಡು ಲಾಭ. ಬಾಯಿ ಮೂಲೆಮಟ್ಟಕ್ಕೆ ಸರಿಯಾಗಿ ನೆಟ್ಟಗಾಗುತ್ತದೆ. ಅಲಗು ನಾಲ್ಕು ಮಿಲಿಮೀಟರ್ ದಪ್ಪವಿದ್ದು ನಾಲ್ಕು ಮಿಲಿಮೀಟರ್ ತೆಗೆದಿರೆಂದರೆ ತುದಿ ಎರಡು ಮಿಲಿಮೀಟರಿನಷ್ಟು ದಪ್ಪಗಾಗುತ್ತದೆ, ಆ ದಪ್ಪ ಬಿಸಿಯನ್ನು ಹೀರಿಕೊಳ್ಳುತ್ತದೆ. ಆಮೇಲೆ ಇಳಿಜಾರು ತೆಗೆಯುತ್ತಾ ಬನ್ನಿ. ಮೊಂಡು ಅಂಚು ಬೆಳಕಿಗೆ ಬಿಳಿ ಗೆರೆಯಾಗಿ ಕಾಣುತ್ತಿರುತ್ತದೆ. ಆ ಗೆರೆ ಅರ್ಧ ಮಿಲಿಮೀಟರಿಗೆ ಬಂದ ತಕ್ಷಣ ಯಂತ್ರ ನಿಲ್ಲಿಸಿ. ಉಳಿದದ್ದು ಕೈಯ ಕೆಲಸ.

ಯಂತ್ರದಲ್ಲಿ ಬೂದು ಬಣ್ಣದ ಗಟ್ಟಿ ಕಲ್ಲಿದ್ದು ಅದರ ಮೈ ನುಣುಪಾಗಿ ಹೊಳೆಯುತ್ತಿದ್ದರೆ ಅದು ಕೊರೆಯುವುದಿಲ್ಲ, ಬರೀ ಉಜ್ಜಿ ಕಾಯಿಸುತ್ತದೆ. ಕಲ್ಲಿನ ಮೈ ಕೆರೆಯುವ ಡ್ರೆಸ್ಸರ್ ಎಂಬ ಉಪಕರಣ ಹಿಡಿದು ಮೈ ತರಿ ಮಾಡಿಸಿಕೊಳ್ಳಿ. 60 ಅಥವಾ 80 ನಂಬರಿನ ಬಿಳಿ ಕಲ್ಲು ಸಿಕ್ಕರೆ ಇನ್ನೂ ಒಳ್ಳೆಯದು. ಅದರ ಕಣಗಳು ಬೇಗ ಉದುರಿ ಹೊಸ ಕಣ ಮೇಲೆ ಬರುತ್ತಿರುವುದರಿಂದ ಬಿಸಿ ಕಡಿಮೆ. ಒಂದು ಸಲ ಹಾಯಿಸಿ, ನೀರಿಗೆ ಅದ್ದಿ, ಮತ್ತೆ ಒಂದು ಸಲ. ನಾನು ಕೆಲಸ ಕಲಿತ ಆಚಾರ್ರು ಎಡಗೈ ಹೆಬ್ಬೆರಳನ್ನು ಬಾಯಿಯ ಹತ್ತಿರವೇ, ಅಲಗಿನ ಬೆನ್ನ ಮೇಲೆ ಇಡಿಸುತ್ತಿದ್ದರು. ಬೆರಳಿಗೆ ಬಿಸಿ ತಾಕಿತೋ ಉಳಿ ನೀರಿಗೆ ಹೋಗಬೇಕು. ಬೆರಳು ತಾಳುವ ಬಿಸಿಯಲ್ಲಿ ಉಕ್ಕಿಗೆ ಏನೂ ಆಗದು. ಒಂದು ದಿನ ಅವರಿಲ್ಲದಾಗ ಅವಸರಕ್ಕೆ ಬಿದ್ದು ಅವರದೇ ಅರ್ಧ ಅಂಗುಲದ ಉಳಿಯನ್ನು ನಾನು ನೀಲಿ ಮಾಡಿಟ್ಟೆ. ಅವರು ಬೈಯಲಿಲ್ಲ. ಆ ನೀಲಿ ಹೋಗುವವರೆಗೆ ಎರಡು ಸಂಜೆ ಕೂರಿಸಿ ಬರಿಗೈಯಲ್ಲಿ ಕಲ್ಲಿಗೆ ಉಜ್ಜಿಸಿದರು. ನಾನು ನಿಮಗೆ ಹೇಳುತ್ತಿರುವುದೆಲ್ಲ ಆ ಎರಡು ಸಂಜೆಯ ಪಾಠ.

ಬಾಯಿ ಒಮ್ಮೆ ನೀಲಿಯಾದ ಮೇಲೆ ಗಾಬರಿಯಿಂದ ತಣ್ಣೀರಿಗೆ ಅದ್ದಿದರೆ ಹದ ಮರಳುವುದಿಲ್ಲ, ಕೂದಲೆಳೆಯ ಬಿರುಕು ಮೂಡುವ ಅಪಾಯ ಮಾತ್ರ ಹೆಚ್ಚು. ಹಾಗಾದರೆ ತಾನಾಗಿ ಆರಲು ಬಿಡಿ. ಇನ್ನು ಕನ್ನಡಕವಿಲ್ಲದೆ ಗ್ರೈಂಡರ್ ಮುಂದೆ ನಿಲ್ಲಬೇಡಿ, ಬಟ್ಟೆಯ ಕೈಗವಸು ತೊಟ್ಟು ತಿರುಗುವ ಕಲ್ಲಿನ ಹತ್ತಿರ ಹೋಗಬೇಡಿ, ಆಸರೆಯ ಪಟ್ಟಿಗೂ ಕಲ್ಲಿಗೂ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ಸಂದಿ ಇರಕೂಡದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಯಂತ್ರದ ಗೊಡವೆಗೇ ಹೋಗುತ್ತಿರಲಿಲ್ಲ. ಅಡುಗೆಮನೆಯ ಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ತುಂಡು ಮಲೆನಾಡಿನಲ್ಲೂ ಈಗ ಯಾರದಾದರೂ ಹಿತ್ತಲಲ್ಲಿ ಸಿಕ್ಕೇ ಸಿಗುತ್ತದೆ. ಅದರ ಹೊಳಪಿನ ಮುಖ ನಮ್ಮ ಕೆಲಸಕ್ಕೆ ಸಾಕಷ್ಟು ಸಮತಟ್ಟು. ಅದಕ್ಕೆ 80 ನಂಬರಿನ ಎಮರಿ ಬಟ್ಟೆ ಅಂಟಿಸಿ, ಉಳಿಯನ್ನು ಇಳಿಜಾರಿನ ಮೇಲೆ ಕೂರಿಸಿ ಎಳೆಯುತ್ತಾ ಹೋಗಿ. ಒಂದೆರಡು ಗಂಟೆ ಹಿಡಿಯುತ್ತದೆ, ಬಟ್ಟೆಯನ್ನು ನಾಲ್ಕಾರು ಸಲ ಬದಲಿಸಬೇಕಾಗುತ್ತದೆ, ಭುಜ ನೋಯುತ್ತದೆ. ಆದರೆ ಈ ದಾರಿಯಲ್ಲಿ ಹದ ಹೋಗುವ ಭಯ ಎಳ್ಳಷ್ಟೂ ಇಲ್ಲ.

ಇಳಿಜಾರಿನ ಕೋನ ಅಳೆಯಲು ಉಪಕರಣ ಬೇಡ. ಇಳಿಜಾರಿನ ಉದ್ದ ಅಲಗಿನ ದಪ್ಪದ ಸರಿಯಾಗಿ ಎರಡರಷ್ಟಿದ್ದರೆ ಅದು 30 ಡಿಗ್ರಿ. ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಎಂಟು ಮಿಲಿಮೀಟರ್ ಇಳಿಜಾರು. ಒಂಬತ್ತೂವರೆಯಾದರೆ 25 ಡಿಗ್ರಿ. ಇಡೀ ಇಳಿಜಾರನ್ನು 25ಕ್ಕೆ ತೆಗೆದು, ಕೊನೆಯ ಒಂದು ಮಿಲಿಮೀಟರನ್ನು ಮಾತ್ರ ಉಳಿ ಸ್ವಲ್ಪ ಎತ್ತಿ 30ಕ್ಕೆ ಹಿಡಿಯುವುದು ನನ್ನ ಅಭ್ಯಾಸ. ನೀವು ಕೊಡತಿಯಲ್ಲಿ ಹೊಡೆದು ಹಲಸು, ಮತ್ತಿ, ಹೊನ್ನೆ ಕೆತ್ತುವವರಾದ್ದರಿಂದ 30ಕ್ಕಿಂತ ಕಡಿಮೆ ಬೇಡ.

80ರ ಗೀರು ಹೋಗುವವರೆಗೆ 220ರ ವಾಟರ್ ಪೇಪರ್, ಆಮೇಲೆ 400, 800, 1200. ಪೇಪರ್ ಬದಲು ಎರಡು ಮುಖದ ಕಾರ್ಬೊರಂಡಮ್ ಕಲ್ಲು ಇದ್ದರೂ ನಡೆಯುತ್ತದೆ. ಅದರ ಹೊಟ್ಟೆ ತಗ್ಗಾಗಿದ್ದರೆ ಮೊದಲು ಗ್ರಾನೈಟ್ ಮೇಲಿನ ಪೇಪರಿನಲ್ಲೇ ಮಟ್ಟ ಮಾಡಿಕೊಳ್ಳಿ, ತಗ್ಗಿನ ಕಲ್ಲಿನಲ್ಲಿ ಉಳಿಯ ಬಾಯಿಯೂ ಬಿಲ್ಲಿನ ಹಾಗಾಗುತ್ತದೆ. ಪ್ರತಿ ಹಂತದಲ್ಲೂ ಬಾಯಿಯ ಉದ್ದಕ್ಕೂ ಹಿಂಬದಿಗೆ ತೆಳ್ಳನೆಯ ಗರಿ ಎದ್ದಿದೆಯೇ ಎಂದು ಬೆರಳನ್ನು ಒಳಗಿನಿಂದ ಹೊರಕ್ಕೆ ಸವರಿ ನೋಡಿ. ಗರಿ ಏಳದಿದ್ದರೆ ಅಲ್ಲಿಗೆ ಇನ್ನೂ ಕಲ್ಲು ಮುಟ್ಟಿಲ್ಲ ಎಂದರ್ಥ. ಹಿಂಬದಿಯನ್ನು ಕಲ್ಲಿನ ಮೇಲೆ ಪೂರ್ತಿ ಚಪ್ಪಟೆಯಾಗಿ ಮಲಗಿಸಿಯೇ ಉಜ್ಜಬೇಕು, ಕೂದಲೆಳೆಯಷ್ಟೂ ಎತ್ತಬಾರದು. ಬಾಯಿಗೆ ಹತ್ತಿರದ ಎರಡು ಸೆಂಟಿಮೀಟರ್ ಕನ್ನಡಿಯ ಹಾಗಾದರೆ ಸಾಕು, ಇಡೀ ಬೆನ್ನು ಹೊಳೆಯಬೇಕಿಲ್ಲ. ಹಳೆಯ ಉಳಿಯ ಮೈಮೇಲಿನ ಕಪ್ಪನ್ನು, ಮುದ್ರೆಯನ್ನು ದಯವಿಟ್ಟು ಉಜ್ಜಿ ತೆಗೆಯಬೇಡಿ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈಗೆ ಹತ್ತು ಹದಿನೈದು ಸಲ ಹಿಂದಕ್ಕೆ ಎಳೆದರೆ ಗರಿ ಉದುರುತ್ತದೆ.

ಅನಂತರ ಪರೀಕ್ಷೆ. ಗಟ್ಟಿ ಮರದ ತುಂಡಿಗೆ ಅಡ್ಡಲಾಗಿ ಇಪ್ಪತ್ತು ಏಟು ಹಾಕಿ, ಬಾಯಿಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಬಿಳಿ ಚುಕ್ಕೆ ಕಂಡರೆ ಅಲ್ಲಿ ಬಾಯಿ ಹೋಗಿದೆ. ಬಾಗಿದ್ದರೆ ಮೆತ್ತನೆಯ ಉಕ್ಕು ಇನ್ನೂ ಉಳಿದಿದೆ, ಇನ್ನೊಂದು ಮಿಲಿಮೀಟರ್ ತೆಗೆಯಿರಿ. ಸಣ್ಣ ಚೂರು ಉದುರಿದ್ದರೆ ಉಕ್ಕು ಗಟ್ಟಿಯೇ ಇದೆ, ಕೋನವನ್ನು ಎರಡು ಮೂರು ಡಿಗ್ರಿ ಏರಿಸಿ.

ಆರೇಳು ಮಿಲಿಮೀಟರ್ ತೆಗೆದ ಮೇಲೂ ಬಾಗುತ್ತಲೇ ಇದ್ದರೆ ಮಾತ್ರ ಕಮ್ಮಾರರ ಬಳಿಗೆ ಹೋಗುವ ಮಾತು. ಆಗಲೂ ಒಂದು ಪ್ರಶ್ನೆ ಕೇಳಿ: ಮರದ ಉಳಿಗೆ ಹದ ಹಾಕಿದ್ದೀರಾ, ಅಥವಾ ಕಲ್ಲು ಕೆಲಸದವರ ಚಾಣಕ್ಕೆ ಮಾತ್ರವೇ? ಚಾಣ ತುದಿ ದಪ್ಪಗಿರುವ ಉಪಕರಣ, ಬೆಂಕಿಯಲ್ಲಿ ಹೆಚ್ಚುಕಡಿಮೆಯಾದರೂ ತಡೆದುಕೊಳ್ಳುತ್ತದೆ. ಮರದ ಉಳಿಯ ತೆಳು ಅಲಗು ತಡೆಯುವುದಿಲ್ಲ. ಕೆಂಪು ಮೀರಿ ಹಳದಿಗೆ ಹೋದರೆ ಉಕ್ಕಿನ ಕಣ ದೊಡ್ಡದಾಗಿ, ಮುರಿದಾಗ ಒಳಗೆ ಸಕ್ಕರೆಯಂತೆ ಮಿನುಗುತ್ತದೆ. ಅಂಥ ಬಾಯಿ ಸದಾ ಉದುರುತ್ತಲೇ ಇರುತ್ತದೆ. ಹೆಚ್ಚು ಹೊತ್ತು ಬೆಂಕಿಯಲ್ಲಿಟ್ಟರೆ ಮೈಮೇಲಿನ ಇಂಗಾಲವೂ ಸುಟ್ಟುಹೋಗುತ್ತದೆ. ನುರಿತವರು ನೆರಳಿನಲ್ಲಿ ಕಾಯಿಸಿ ಬಣ್ಣ ನೋಡುತ್ತಾರೆ. ಕೈಯಲ್ಲೊಂದು ಅಯಸ್ಕಾಂತವಿದ್ದರೆ ಇನ್ನೂ ಖಾತ್ರಿ. 770 ಡಿಗ್ರಿಯ ಹತ್ತಿರ ಉಕ್ಕಿಗೆ ಅಯಸ್ಕಾಂತ ಅಂಟುವುದು ನಿಲ್ಲುತ್ತದೆ, ಅಲ್ಲಿಂದ ಸ್ವಲ್ಪವೇ ಮೇಲೆ ಅದ್ದಬೇಕು. ತುದಿಯ ಮೂರು ಸೆಂಟಿಮೀಟರ್ ಮಾತ್ರ ಅದ್ದಿ, ಥಟ್ಟನೆ ಉಜ್ಜಿ ಹೊಳಪು ಮಾಡಿದರೆ ಹಿಂದಿನ ಕಾವು ಬಣ್ಣಗಳಾಗಿ ಬಾಯಿಯ ಕಡೆಗೆ ಹರಿದು ಬರುತ್ತದೆ. ಹುಲ್ಲಿನ ಬಣ್ಣ ಬಾಯಿ ಮುಟ್ಟಿದ ಗಳಿಗೆಯಲ್ಲಿ ಮತ್ತೆ ನೀರಿಗೆ. ಇದನ್ನು ಕಣ್ಣಾರೆ ಮಾಡಬಲ್ಲವರು ಸಿಕ್ಕರೆ ಧೈರ್ಯವಾಗಿ ಕೊಡಿ.

ಮೊಳೆಯ ವಿಚಾರ. ಬಿಚ್ಚಿದ ಹಳೆಯ ಮನೆಯ ಯಾವ ಮರವನ್ನೂ ಪರೀಕ್ಷಿಸದೆ ಕೆತ್ತಬೇಡಿ. ಹಾಳಾದ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೇಲೆ ನಿಧಾನವಾಗಿ ಹಾಯಿಸಿದರೆ, ಮೇಲ್ಮೈಗೆ ಹತ್ತಿರ ಕಬ್ಬಿಣವಿದ್ದ ಕಡೆ ಅದು ವಾಲುತ್ತದೆ. ಟ್ಯಾನಿನ್ ಎಂಬ ಒಗರು ಅಂಶ ಇರುವ ಮರಗಳಲ್ಲಿ ಕಬ್ಬಿಣದ ಸುತ್ತ ತೇವ ತಗುಲಿ ಮಸಿಯಂತೆ ಕಪ್ಪು ಕಲೆ ಕಟ್ಟಿರುತ್ತದೆ. ನಾರಿನ ಉದ್ದಕ್ಕೆ ಕಪ್ಪು ಗೆರೆ ಕಂಡರೆ ಅಲ್ಲಿ ಮೊಳೆ ಇದೆಯೆಂದೇ ತಿಳಿಯಿರಿ. ಮೊದಲ ಕೆತ್ತನೆಗೆ ಸಾಧಾರಣ ಉಳಿ ಬಳಸಿ, ಒಳಗೆ ಏನೂ ಇಲ್ಲವೆಂದು ಖಚಿತವಾದ ಮೇಲೆ ಅಜ್ಜನದನ್ನು ಕೈಗೆತ್ತಿಕೊಳ್ಳಿ.

ಕೊನೆಗೆ ಹಿಡಿ. ಉದ್ದಕ್ಕೆ ಸೀಳಿದ ಹಿಡಿಗೆ ಗೋಂದು ಹಾಕಿ ಬಿಗಿದರೆ ಕೈಯಲ್ಲಿ ತಳ್ಳುವ ಕೆಲಸಕ್ಕೆ ಸಾಕು, ಕೊಡತಿಯ ಏಟಿಗೆ ಮತ್ತೆ ಬಾಯಿ ಬಿಡುತ್ತದೆ. ಅಜ್ಜನ ಕೈ ಸವೆಸಿದ ಹಿಡಿ ಎಂಬ ಮಮತೆಯಿದ್ದರೆ ಅದನ್ನು ಅಂಟಿಸಿ ಜೋಪಾನವಾಗಿ ಎತ್ತಿಡಿ, ಅದರ ಅಳತೆಗೇ ಹೊಸತೊಂದು ಮಾಡಿಕೊಳ್ಳಿ. ಚೆನ್ನಾಗಿ ಒಣಗಿದ ಜಾಲಿ ಅಥವಾ ಸೀಬೆ ಮರ ಒಳ್ಳೆಯದು, ನಾರು ನೆಟ್ಟಗಿರಬೇಕು. ಅಲಗಿನ ಬಾಲ ಮೊನಚಾಗುತ್ತಾ ಹೋಗುವುದರಿಂದ ಹಿಡಿಯ ತೂತನ್ನೂ ಎರಡು ಮೂರು ಅಳತೆಯ ಬೈರಿಗೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆಯಿರಿ. ಬಾಲವನ್ನು ಕೆಂಪಗೆ ಕಾಯಿಸಿ ಹಿಡಿಯೊಳಗೆ ಸುಟ್ಟು ಇಳಿಸುವ ರೂಢಿಯಿದೆ. ಈಗಷ್ಟೇ ಹದ ಉಳಿಸಿಕೊಂಡ ಉಳಿಗೆ ಅದು ಬೇಡ ಎನ್ನುತ್ತೇನೆ. ಮಾಡಲೇಬೇಕೆಂದರೆ ಅಲಗಿಗೆ ಒದ್ದೆ ಬಟ್ಟೆ ದಪ್ಪಗೆ ಸುತ್ತಿಕೊಳ್ಳಿ. ಬಾಲದ ಮೇಲಿನ ಭುಜಕ್ಕೂ ಹಿಡಿಗೂ ನಡುವೆ ಆರೇಳು ಮಿಲಿಮೀಟರ್ ಉಳಿಯುವವರೆಗೆ ಕೈಯಲ್ಲೇ ಒತ್ತಿ ಕೂರಿಸಿ, ಉಳಿದಷ್ಟನ್ನು ಹಿಡಿಯ ತಲೆಗೆ ಕೊಡತಿಯಲ್ಲಿ ಹೊಡೆದು ಇಳಿಸಿ. ಹಿಡಿಯ ಬಾಯಿಗೆ ಹಿತ್ತಾಳೆಯ ಬಳೆ ಮೊದಲೇ ಬಿಗಿದಿರಲಿ, ಇಲ್ಲದಿದ್ದರೆ ಈ ಏಟಿಗೇ ಸೀಳುತ್ತದೆ. ಹಳೆಯ ಹಿಡಿಯ ಬಳೆ ಗಟ್ಟಿಯಿದ್ದರೆ ಅದನ್ನೇ ಹಾಕಿ. ನಿಮ್ಮ ಕಡೆಯ ಮಳೆಗಾಲದಲ್ಲಿ ಮರ ಉಬ್ಬಿ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮೊದಲ ಬೇಸಿಗೆಯಲ್ಲಿ ಬಳೆ ಸಡಿಲವಾದರೆ ತೆಗೆದು, ಹಿಡಿಯ ಕುತ್ತಿಗೆಗೆ ಒಂದು ಸುತ್ತು ಹತ್ತಿ ದಾರ ಗೋಂದಿನಲ್ಲಿ ಸುತ್ತಿ ಮತ್ತೆ ಹಾಕಿಬಿಡಿ.